ಎಂಎಂಎ ಜಿಮ್, ಗರಡಿ ಮನೆ, ಜಿಯು-ಜಿಟ್ಸು: ಮೂರರಲ್ಲಿ ನಾನು ಉಳಿದಿದ್ದು ಎಲ್ಲಿ?

ಗುದ್ದು, ಒದೆ, ಕುಸ್ತಿ ಎಲ್ಲ ಸೇರಿದ ಎಂಎಂಎ (ಮಿಕ್ಸ್ಡ್ ಮಾರ್ಷಲ್ ಆರ್ಟ್ಸ್) ಎಲ್ಲಿಂದ ಶುರು ಮಾಡಲಿ ಅಂತ ಯಾರಾದರೂ ಕೇಳಿದರೆ ನಾನು ಜಿಯು-ಜಿಟ್ಸು ಕ್ಲಾಸಿಗೆ ಕಳಿಸುತ್ತೇನೆ. ಏಟಿಲ್ಲದೆ, ನೆಲದ ಮೇಲೆ ಹಿಡಿದು ಕತ್ತು, ಕೈಕಾಲು ಲಾಕ್ ಮಾಡಿ ಗೆಲ್ಲುವ ಆಟ ಅದು. ಉಳಿದ ಎರಡೂ ಕಡೆ ಬೆವರು ಸುರಿಸಿದ ಮೇಲೆಯೇ ಈ ಮಾತು ಹೇಳುತ್ತಿದ್ದೇನೆ.

ಮೊದಲು ಸೇರಿದ್ದು ಬೆಂಗಳೂರಿನಲ್ಲಿ ಮನೆ ಹತ್ತಿರದ ಒಂದು ಜಿಮ್‌ಗೆ. ಬೋರ್ಡಿನ ಮೇಲೆ ದೊಡ್ಡದಾಗಿ ಎಂಎಂಎ ಅಂತ ಇತ್ತು. ತಿಂಗಳಿಗೆ 4,000 ರೂಪಾಯಿ, ವರ್ಷದ್ದು ಒಟ್ಟಿಗೆ ಕಟ್ಟಿದರೆ 30,000. ಒಟ್ಟಿಗೆ ಕಟ್ಟಿಬಿಟ್ಟೆ. ಜಾಬ್, ಕ್ರಾಸ್ ಅನ್ನೋ ಗುದ್ದುಗಳು, ಕಾಲಿಗೆ ಒದೆಯುವ ಲೋ ಕಿಕ್ ಚೆನ್ನಾಗಿಯೇ ಹೇಳಿಕೊಟ್ಟರು. ಆದರೆ ನೆಲದ ಮೇಲಿನ ಹಿಡಿತ ಕಲಿಸುತ್ತಿದ್ದುದು ವಾರಕ್ಕೆ ಒಂದೇ ದಿನ, ಅದೂ ಮುಕ್ಕಾಲು ಗಂಟೆ.

ಅದನ್ನೂ ಸಹಿಸಿಕೊಳ್ಳುತ್ತಿದ್ದೆ. ಸಹಿಸೋಕೆ ಆಗದೆ ಹೋಗಿದ್ದು ಮ್ಯಾಟ್.

ಒಂದಕ್ಕೊಂದು ಹಲ್ಲು ಕಚ್ಚಿ ಕೂರುವ ಮ್ಯಾಟ್‌ಗಳಿರುತ್ತವಲ್ಲ, ಅವು. ಸಂದಿಗಳಲ್ಲಿ ಬೆವರು, ಕೂದಲು, ಧೂಳು ಸೇರಿ ಕಪ್ಪು ಗೆರೆ ಕಟ್ಟಿತ್ತು. ತೂಕ ಎತ್ತುವವರು ಶೂ ಹಾಕಿಕೊಂಡೇ ಅದರ ಮೇಲೆ ಓಡಾಡುತ್ತಿದ್ದರು. ಒರೆಸುತ್ತಿದ್ದುದು ಭಾನುವಾರ ಮಾತ್ರ. ಎರಡನೇ ತಿಂಗಳು ನನ್ನ ಮುಂಗೈ ಮೇಲೆ ಒಂದು ರೂಪಾಯಿ ನಾಣ್ಯದಷ್ಟು ಕೆಂಪು ಉಂಗುರ ಎದ್ದಿತು. ಅಂಚು ಉಬ್ಬಿಕೊಂಡಿತ್ತು, ನಡುವೆ ಚರ್ಮ ಮಾಮೂಲಿಯಾಗೇ ಇತ್ತು. ಹುಳುಕಡ್ಡಿ. ಮೆಡಿಕಲ್ ಶಾಪಿನಲ್ಲಿ ಕೇಳಿ ಒಂದು ಕ್ರೀಮ್ ತಂದೆ. ಮೂರು ದಿನಕ್ಕೆ ತುರಿಕೆ ನಿಂತಿತು, ವಾಸಿಯಾಯಿತು ಅಂದುಕೊಂಡೆ. ಹತ್ತನೇ ದಿನಕ್ಕೆ ಕತ್ತು, ಸೊಂಟ, ತೊಡೆ ಎಲ್ಲ ಕಡೆ ಹರಡಿತು.

ಚರ್ಮದ ಡಾಕ್ಟರ್ ಆ ಟ್ಯೂಬ್ ನೋಡಿದ ತಕ್ಷಣ ಹೇಳಿದರು: ಇದರಲ್ಲಿ ಸ್ಟೀರಾಯ್ಡ್ ಇದೆ. ಅದು ಕೆಂಪು, ತುರಿಕೆ ಅಡಗಿಸುತ್ತದೆ, ಒಳಗೆ ಫಂಗಸ್ ಬೆಳೆಯುತ್ತಲೇ ಇರುತ್ತದೆ. ಬೇರೆ ಔಷಧಿ ಕೊಟ್ಟರು. ಪೂರ್ತಿ ವಾಸಿಯಾಗುವವರೆಗೆ ಯಾರ ಜೊತೆಗೂ ಕುಸ್ತಿ ಹಿಡಿಯಬೇಡಿ, ಟವೆಲ್ ಯಾರಿಗೂ ಕೊಡಬೇಡಿ ಅಂದರು. ಆರು ವಾರ ಮನೆಯಲ್ಲಿ ಕೂತೆ. ಜಿಮ್‌ನವರಿಗೆ ಹೇಳಿದರೆ, "ಬೇರೆ ಯಾರಿಗೂ ಬಂದಿಲ್ಲ ಸರ್" ಅಂದರು. ದುಡ್ಡೂ ವಾಪಸ್ ಬರಲಿಲ್ಲ.

ವಾಸಿಯಾದ ಮೇಲೆ ಎರಡು ತಿಂಗಳು ಮೈಸೂರಿನಲ್ಲಿ ಅಜ್ಜಿ ಮನೆಯಿಂದಲೇ ಕೆಲಸ ಮಾಡಿದೆ. ಬೆಳಿಗ್ಗೆ ಐದೂವರೆಗೆ ಗರಡಿ. ಫೀಸು ಅಂತ ಉಸ್ತಾದರು ಏನೂ ಕೇಳಲಿಲ್ಲ. ಮೊದಲ ವಾರ ಗುದ್ದಲಿ ಹಿಡಿದು ಕೆಮ್ಮಣ್ಣು ಅಗೆದು ಹದ ಮಾಡಿದೆ. ಆಮೇಲೆ ದಂಡ, ಬಸ್ಕಿ, ಆಮೇಲೆ ಜೋಡಿಯ ಜೊತೆ ಕುಸ್ತಿ. "ಕಾಲ್ ನೋಡ್ಬೇಡ ಮಗಾ, ಸೊಂಟ ನೋಡು" ಅಂತ ಉಸ್ತಾದರು ಹೇಳಿದ ಒಂದು ಮಾತಿನಿಂದ ನಾನು ಬೀಳುವುದು ಅರ್ಧಕ್ಕೆ ಇಳಿಯಿತು. ಎದುರಾಳಿಯನ್ನು ನೆಲಕ್ಕೆ ತರುವುದನ್ನು ಇಷ್ಟು ಚೆನ್ನಾಗಿ ಇನ್ನೆಲ್ಲೂ ಕಲಿತಿಲ್ಲ.

ಎಂಎಂಎಗೆ ಮಾತ್ರ ಒಂದು ತೊಡಕಿದೆ. ನಾಡಕುಸ್ತಿಯಲ್ಲಿ ಬೆನ್ನು ನೆಲಕ್ಕೆ ತಾಗಿದರೆ ಚಿತ್, ಅಲ್ಲಿಗೆ ಆಟ ಮುಗಿಯಿತು. ಹಾಗಾಗಿ ಬೀಳುವ ಹೊತ್ತಿಗೆ ಮೈ ತಾನಾಗೇ ಬೋರಲು ತಿರುಗುತ್ತದೆ. ಎಂಎಂಎಯಲ್ಲಿ ಹಾಗೆ ತಿರುಗಿದರೆ ಹಿಂದಿನಿಂದ ಕುತ್ತಿಗೆಗೆ ಕೈ ಬರುತ್ತದೆ. ಜಿಯು-ಜಿಟ್ಸುಗೆ ಸೇರಿದ ಮೊದಲ ತಿಂಗಳು ನಾನು ಟ್ಯಾಪ್ ಮಾಡಿದ್ದು, ಅಂದರೆ ಕೈ ತಟ್ಟಿ ಸೋಲೊಪ್ಪಿದ್ದು, ಹೆಚ್ಚಿಗೆ ಇದೇ ಕಾರಣಕ್ಕೆ.

ಬೆಂಗಳೂರಿಗೆ ವಾಪಸಾಗಿ ಸೇರಿದ್ದು ಆ ಜಿಯು-ಜಿಟ್ಸು ಹಾಲ್‌ಗೆ. ತಿಂಗಳಿಗೆ 4,500, ಒಂದೊಂದೇ ತಿಂಗಳದ್ದು ಕಟ್ಟಬಹುದು. ಮೊದಲ ದಿನವೇ ನನ್ನ ಉಗುರು ನೋಡಿದರು. ಚಪ್ಪಲಿ ಹೊರಗೆ. ಟಾಯ್ಲೆಟ್‌ಗೆ ಹೋಗುವಾಗ ಮಾತ್ರ ಚಪ್ಪಲಿ ಹಾಕಲೇಬೇಕು, ಬರಿಗಾಲಲ್ಲಿ ಹೋಗುವ ಹಾಗಿಲ್ಲ. ಕ್ಲಾಸ್ ಮುಗಿದ ಮೇಲೆ ಔಷಧಿ ಹಾಕಿದ ನೀರಿನಲ್ಲಿ ಮಾಪ್ ಹಿಡಿಯುವುದು ಆ ದಿನದ ವಿದ್ಯಾರ್ಥಿಗಳೇ, ಕಪ್ಪು ಬೆಲ್ಟ್‌ನವರೂ ಸೇರಿ. ಅದನ್ನು ನೋಡಿ ನನಗೆ ನಿಜವಾಗಲೂ ಕಣ್ಣು ತುಂಬಿತು.

ಗಿ ಅಂದರೆ ಜಿಯು-ಜಿಟ್ಸುಗೆ ಹಾಕುವ ದಪ್ಪ ಬಟ್ಟೆಯ ಅಂಗಿ, ಪ್ಯಾಂಟು. ಮಳೆಗಾಲದಲ್ಲಿ ಒಣಗೋಕೆ ಎರಡು ದಿನ ಬೇಕು. ಎರಡು ಜೊತೆ ಇಟ್ಟುಕೊಳ್ಳಿ, ಇಲ್ಲ ಗಿ ಇಲ್ಲದ ಬ್ಯಾಚ್ ನೋಡಿ.

ಸ್ಪರ್ಧೆಗೂ ಇಲ್ಲಿ ಮೆಟ್ಟಿಲು ಸಿಗುತ್ತದೆ. ಬಿಳಿ ಬೆಲ್ಟ್, ಅಂದರೆ ಹೊಸಬರಲ್ಲಿ ದೊಡ್ಡವರ ಜಿಯು-ಜಿಟ್ಸು ಪಂದ್ಯ ಐದು ನಿಮಿಷ. ಕೆಡವಿದರೆ 2 ಅಂಕ, ಕೆಳಗಿರುವ ಎದುರಾಳಿಯ ಕಾಲು ದಾಟಿ ಬಂದರೆ (ಗಾರ್ಡ್ ಪಾಸ್) 3, ಅವನ ಮೇಲೆ ಕೂತರೆ 4. ಮುಖಕ್ಕೆ ಏಟಿಲ್ಲದೆ ಪಂದ್ಯದ ಭಯ ಏನು ಅಂತ ಗೊತ್ತಾಗುತ್ತದೆ. ಆಮೇಲೆ ಅಮೆಚೂರ್ ಎಂಎಂಎ: ಅಮೆಚೂರ್ ಎಂಎಂಎಯ ಅಂತರರಾಷ್ಟ್ರೀಯ ಸಂಸ್ಥೆ ಐಎಂಎಂಎಎಫ್ ನಿಯಮದಲ್ಲಿ ಮೂರು ನಿಮಿಷದ ಮೂರು ರೌಂಡ್, ಮೊಣಕೈ ಏಟಿಗೆ ಅವಕಾಶವಿಲ್ಲ.

ಬೋರ್ಡಿನಲ್ಲಿ ಎಂಎಂಎ ಅಂತ ಇರಲೇಬೇಕು ಅಂತೇನಿಲ್ಲ, ಅಲ್ವಾ? ರಿತು ಫೋಗಟ್ 2019ರಲ್ಲಿ ಎಂಎಂಎಗೆ ಬಂದಿದ್ದು ಕುಸ್ತಿಯಿಂದ. 2024ರಲ್ಲಿ ಅಮೆರಿಕದ ದೊಡ್ಡ ಎಂಎಂಎ ಲೀಗ್ ಯುಎಫ್‌ಸಿಯಲ್ಲಿ ಗೆದ್ದ ಮೊದಲ ಭಾರತೀಯ ಮಹಿಳೆ ಪೂಜಾ ತೋಮರ್ ಬಂದಿದ್ದು ಚೀನಾದ ಸಮರಕಲೆ ವುಶುವಿನಿಂದ.

ನನಗೆ ಆಫೀಸ್ ಮುಗಿಯುವುದು ಸಂಜೆ ಏಳಕ್ಕೆ, ಈ ಹವ್ಯಾಸಕ್ಕೆ ತಿಂಗಳಿಗೆ ಆರು ಸಾವಿರಕ್ಕಿಂತ ಜಾಸ್ತಿ ಎತ್ತಿಡೋಕೆ ಆಗಲ್ಲ. ಅಷ್ಟರಲ್ಲಿ ವಾರಕ್ಕೆ ಮೂರು ದಿನ ಜಿಯು-ಜಿಟ್ಸು, ಶನಿವಾರ ಒಬ್ಬ ಬಾಕ್ಸಿಂಗ್ ಕೋಚ್ ಹತ್ತಿರ ಪ್ಯಾಡ್ ಮೇಲೆ ಗುದ್ದುವ ಅಭ್ಯಾಸ, ಎರಡೂ ಆಗುತ್ತದೆ. ಊರಿಗೆ ಹೋದಾಗ ಗರಡಿ. ಮೈಸೂರಲ್ಲೋ ದಾವಣಗೆರೆಯಲ್ಲೋ ಇರುವವರು, ಬೆಳಿಗ್ಗೆ ಬೇಗ ಏಳುವವರು ಗರಡಿಯಿಂದಲೇ ಶುರು ಮಾಡಿದರೂ ಸಂತೋಷ.

ಟ್ರಯಲ್ ಕ್ಲಾಸಿಗೆ ಹೋದರೆ ಮುಗಿದ ತಕ್ಷಣ ಎದ್ದು ಬರಬೇಡಿ. ಹತ್ತು ನಿಮಿಷ ಮೂಲೆಯಲ್ಲಿ ಸುಮ್ನೆ ಕೂತು, ಯಾರಾದರೂ ಮಾಪ್ ತರುತ್ತಾರಾ ನೋಡಿ.