ಲೆಸ್ಟರ್‌ಗೆ ಹೊರಟ ಕಾಚಂಪುಳಿ

ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ನೆಲೆಸಿರುವ ನನ್ನ ತಂಗಿ ಪ್ರತಿ ವರ್ಷ ಕೊಡವರ ಕೈಲ್‌ಪೊಳ್ದ್ ಹಬ್ಬಕ್ಕೆ ಮೊದಲು ತರಿಸಿಕೊಳ್ಳುವುದು ಎರಡೇ ವಸ್ತು, ಅಡುಗೆಗೆ ಹುಳಿ ಕೊಡುವ ಕಪ್ಪು ರಸ ಕಾಚಂಪುಳಿ ಮತ್ತು ನಮ್ಮ ಹಂದಿಮಾಂಸದ ಅಡುಗೆ ಪಂದಿಕರಿಯ ಮಸಾಲೆ ಪುಡಿ. ಈ ಸಲ ಎರಡನ್ನೂ ಮಡಿಕೇರಿ ಪೇಟೆಯ ಒಂದು ಚಿಕ್ಕ ಅಂಗಡಿಯಲ್ಲಿ ಕೊಂಡೆ.

ಕಾಚಂಪುಳಿ ಮಾತ್ರ ನಿಜಕ್ಕೂ ಉತ್ತಮವಾಗಿದೆ. ಪಣಪುಳಿ, ಅಂದರೆ ಮಲೆನಾಡಿನವರು ಉಪ್ಪಾಗೆ ಎನ್ನುವ ಹಣ್ಣು, ಮಳೆಗಾಲದಲ್ಲಿ ಮಾಗಿದಾಗ ಅದನ್ನು ಬುಟ್ಟಿಯಲ್ಲಿ ಪೇರಿಸಿಟ್ಟು, ತಾನಾಗಿ ಇಳಿಯುವ ರಸವನ್ನು ಸಣ್ಣ ಉರಿಯಲ್ಲಿ ಕಪ್ಪಗೆ ಗಟ್ಟಿಯಾಗುವವರೆಗೆ ಕಾಯಿಸಬೇಕು. ಅವಸರಪಟ್ಟು ಒಲೆಯಿಂದ ಇಳಿಸಿದ ರಸ ಚಮಚದಿಂದ ನೀರಿನಂತೆ ಸುರಿಯುತ್ತದೆ. ಇವರದು ಎಳೆಯಾಗಿ, ನಿಧಾನವಾಗಿ ಜಾರಿತು. ಹುಳಿ ತೀಕ್ಷ್ಣವಾಗಿದ್ದರೂ ಗಂಟಲನ್ನು ಕೆರೆಯಲಿಲ್ಲ.

ಲೆಸ್ಟರ್‌ನಲ್ಲಿ ಭಾರತದ ಅಡುಗೆ ಸಾಮಾನಿಗೆ ಕೊರತೆಯಿಲ್ಲ. 1972ರಲ್ಲಿ ಸರ್ವಾಧಿಕಾರಿ ಇದಿ ಅಮೀನ್ ಉಗಾಂಡಾದಿಂದ ಹೊರಹಾಕಿದ ಏಷ್ಯನ್ನರಲ್ಲಿ ಅನೇಕ ಗುಜರಾತಿ ಕುಟುಂಬಗಳು ಆ ಊರಿಗೆ ಬಂದವು. ಅಲ್ಲಿನ ಬೆಲ್‌ಗ್ರೇವ್ ರಸ್ತೆಯಲ್ಲಿ ಢೋಕ್ಲಾ, ಫರಸಾಣ್ ಇಂದಿಗೂ ಸಲೀಸಾಗಿ ಸಿಗುತ್ತವೆ. ಎರಡು ಸಲ ನೆಲೆ ಬದಲಿಸಿಯೂ ತಮ್ಮ ರುಚಿಯನ್ನು ಉಳಿಸಿಕೊಂಡ ಆ ಜನರ ಬಗ್ಗೆ ನನ್ನ ತಂಗಿಗೆ ಬಹಳ ಗೌರವ. ಆದರೆ ಬೆರಳೆಣಿಕೆಯ ಕೊಡವ ಮನೆಗಳಿಗಾಗಿ ಯಾವ ಅಂಗಡಿಯವರೂ ಕಾಚಂಪುಳಿ ತರಿಸುವುದಿಲ್ಲ. ಮೊದಲ ವರ್ಷ ಅವಳು ಹುಣಸೆಹಣ್ಣನ್ನೂ ಮರುವರ್ಷ ವಿನೆಗರನ್ನೂ ಹಾಕಿ ನೋಡಿದಳು. ಆದದ್ದು ಹಂದಿಮಾಂಸದ ಸಾರು, ಪಂದಿಕರಿಯಲ್ಲ. ಶಾಲೆಯಲ್ಲಿ ‘ನಿಮ್ಮ ಊಟ’ ಎಂದು ಚಿಕನ್ ಟಿಕ್ಕಾ ಮಸಾಲಾ ತೋರಿಸಿದಾಗ ಅವಳ ಮಗಳು ‘ನಮ್ಮ ಮನೆಯದು ಪಂದಿಕರಿ, ಕಡಂಬುಟ್ಟು (ಅಕ್ಕಿತರಿಯ ಉಂಡೆ)’ ಎಂದು ಹೇಳಿಬಂದಳಂತೆ. ಅಲ್ಲಿಯೇ ಹುಟ್ಟಿದ ಆ ಮಗುವಿಗೆ ಹಾಗೆ ಹೇಳಲು ಸಾಧ್ಯವಾದದ್ದು ಈ ಕಪ್ಪು ಹುಳಿಯಿಂದಲೇ ಎಂದು ನಾನು ನಂಬಿದ್ದೇನೆ.

ಮಸಾಲೆ ಪುಡಿ ಸಾಧಾರಣ. ಜೀರಿಗೆ, ಕೊತ್ತಂಬರಿಯನ್ನು ಇನ್ನಷ್ಟು ಕಪ್ಪಾಗುವಂತೆ ಹುರಿಯಬೇಕಿತ್ತು. ಕಾಚಂಪುಳಿ ಬಾಟಲಿಯ ಮುಚ್ಚಳವೂ ಸಡಿಲವಾಗಿದ್ದು, ಮನೆ ತಲುಪುವಷ್ಟರಲ್ಲಿ ಚೀಲದ ತಳ ಒದ್ದೆಯಾಗಿತ್ತು. ದ್ರವವನ್ನು ಹೆಚ್ಚು ಪ್ರಮಾಣದಲ್ಲಿ ವಿಮಾನದ ಕೈಚೀಲದಲ್ಲಿ ಒಯ್ಯಲಾಗದ ಕಾರಣ ಅದನ್ನು ಬಟ್ಟೆಗಳ ನಡುವೆ ಪೆಟ್ಟಿಗೆಯಲ್ಲಿ ಇಡಬೇಕಾಗುತ್ತದೆ. ಹಾಗಿರುವಾಗ ಇದು ಸಣ್ಣ ದೋಷವಲ್ಲ. ಲೇಬಲ್ಲಿನಲ್ಲಿ ತಯಾರಿಸಿದ ದಿನಾಂಕವೂ ಇರಲಿಲ್ಲ. ನಾನು ಇದನ್ನು ಹೇಳಿದಾಗ ಅಂಗಡಿಯಾಕೆ ‘ಅಕ್ಕಾ, ಮುಂದಿನ ಸಲ ಮೇಣ ಹಾಕಿಸಿ ಕೊಡುತ್ತೇನೆ’ ಎಂದು ಒಪ್ಪಿಕೊಂಡರು.

ಹಬ್ಬ ಸೆಪ್ಟೆಂಬರ್ 3ಕ್ಕೆ. ಹೊರದೇಶಕ್ಕೆ ಕಳುಹಿಸುವವರು ಆಗಸ್ಟ್ ಮೊದಲ ವಾರದಲ್ಲೇ ಹೇಳಿಟ್ಟು, ಚೆನ್ನಾಗಿ ಗಟ್ಟಿಯಾದ ಹಳೆಯ ದಾಸ್ತಾನಿನ ಬಾಟಲಿಯನ್ನೇ ಕೇಳಿ ಪಡೆಯಿರಿ.