225, 255, ಇಲ್ಲಾ ಮೆತ್ತನೆ ರಬ್ಬರ್: ವೀಲ್‌ಸ್ಪಿನ್ ನಿಲ್ಲಿಸಿದ್ದು ಯಾವುದು?

ಕಾರಿನ ಪವರ್ ಸ್ವಲ್ಪ ಹೆಚ್ಚಾಯಿತು ಅಂದರೆ ಸಾಕು, "ಹಿಂದೆ ಅಗಲದ ಟೈರ್ ಹಾಕಿಸಿ, ಚಕ್ರ ನಿಂತಲ್ಲೇ ಸುಮ್ನೆ ಸುತ್ತೋದು, ಅಂದ್ರೆ ವೀಲ್‌ಸ್ಪಿನ್, ನಿಲ್ಲುತ್ತೆ" ಅನ್ನುವ ಸಲಹೆ ಎಲ್ಲ ಕಡೆಯಿಂದ ಬರುತ್ತದೆ. ನಿಲ್ಲುತ್ತದಾ ನೋಡೋಣ ಅಂತ ನನ್ನ ರಿಯರ್ ವೀಲ್ ಡ್ರೈವ್ (ಎಂಜಿನ್ ಬಲ ಹಿಂದಿನ ಚಕ್ರಗಳಿಗೆ ಹೋಗುವ) ಟರ್ಬೊ ಕಾರಿನ ಹಿಂದಿನ ಚಕ್ರಗಳಿಗೆ ಮೂರು ಜೋಡಿ ಟೈರ್ ಹಾಕಿ ಟ್ರ್ಯಾಕಿನಲ್ಲಿ ಓಡಿಸಿದೆ. ಮೊದಲಿಂದ ಇದ್ದದ್ದು 225/45 ಆರ್17 (ಮೊದಲ ಅಂಕಿ ಮಿಲಿಮೀಟರಿನಲ್ಲಿ ಅಗಲ, ಎರಡನೆಯದು ಆ ಅಗಲದ ಶೇಕಡಾವಾರು ಪಕ್ಕದ ಎತ್ತರ, ಕೊನೆಯದು ಇಂಚಿನಲ್ಲಿ ರಿಮ್). ಎರಡನೆಯದು ಅದೇ ಮಾಡೆಲಿನ 255/40 ಆರ್17. ಈ ಎರಡರ ಟ್ರೆಡ್‌ವೇರ್ (ಸವೆತ ತಡೆಯುವ ಗುಣದ ಅಂಕಿ, ಸಾಮಾನ್ಯವಾಗಿ ಕಡಿಮೆ ಇದ್ದಷ್ಟೂ ರಬ್ಬರ್ ಮೆತ್ತಗೆ) 300. ಮೂರನೆಯದು ಮತ್ತೆ 225, ಆದರೆ ಟ್ರೆಡ್‌ವೇರ್ 200 ಇರುವ ಮೆತ್ತನೆ ರಬ್ಬರ್. ಎಂಟೂವರೆ ಇಂಚಿನ ರಿಮ್‌ಗೆ ಎರಡೂ ಅಗಲ ಸರಿಯಾಗಿ ಕೂರುತ್ತವೆ, ಎತ್ತರದಲ್ಲಿ ಎರಡು ಮಿಲಿಮೀಟರ್ ಕೂಡ ವ್ಯತ್ಯಾಸ ಇಲ್ಲ. ಹಾಗಾಗಿ ಟೈರ್ ದೊಡ್ಡದಾಗಿ ಗೇರಿಂಗ್ ಬದಲಾಯಿತು ಅನ್ನುವ ನೆಪಕ್ಕೆ ಜಾಗ ಇಲ್ಲ.

ನಿಂತಲ್ಲಿಂದ ಎಳೆಯುವಾಗ 225ಕ್ಕೂ 255ಕ್ಕೂ ಕಂಡ ವ್ಯತ್ಯಾಸ ತುಂಬಾ ಕಡಿಮೆ. ಟ್ರ್ಯಾಕ್ಷನ್ ಕಂಟ್ರೋಲ್ (ಚಕ್ರ ಸುತ್ತುವುದನ್ನು ತಾನೇ ತಡೆಯುವ ವ್ಯವಸ್ಥೆ) ಆಫ್ ಮಾಡಿ ಮೊದಲ ಗೇರಿನಲ್ಲಿ ಕಾಲು ಒತ್ತಿದರೆ ಎರಡೂ ಸುತ್ತುತ್ತವೆ, 255 ಸ್ವಲ್ಪ ತಡವಾಗಿ ಶುರು ಮಾಡುತ್ತದೆ, ಅಷ್ಟೇ. ಕಾರಣ ಸರಳ. ನೆಲಕ್ಕೆ ತಾಗುವ ಜಾಗ ಎಷ್ಟು ಅನ್ನುವುದನ್ನು ಹೆಚ್ಚು ಕಮ್ಮಿ ನಿರ್ಧರಿಸುವುದು ಚಕ್ರದ ಮೇಲಿನ ಭಾರ ಮತ್ತು ಒಳಗಿನ ಗಾಳಿಯ ಒತ್ತಡ. ಒಂದು ಚಕ್ರದ ಮೇಲೆ 400 ಕೆಜಿ ಕೂತಿದೆ, ಗಾಳಿ 30 ಪಿಎಸ್‌ಐ ಇದೆ ಅಂದುಕೊಳ್ಳಿ, ಲೆಕ್ಕಕ್ಕೆ ಸುಮಾರು 190 ಚದರ ಸೆಂಟಿಮೀಟರ್ ಬರುತ್ತದೆ. ಟೈರ್ ಅಗಲ ಮಾಡಿದರೆ ಆ ಜಾಗ ದೊಡ್ಡದಾಗುವುದಿಲ್ಲ, ಆಕಾರ ಬದಲಾಗುತ್ತದೆ. ಅಡ್ಡಕ್ಕೆ ಉದ್ದವಾಗಿ, ಓಡುವ ದಿಕ್ಕಿಗೆ ಗಿಡ್ಡವಾಗುತ್ತದೆ. (ಸೈಡ್‌ವಾಲ್, ಅಂದರೆ ಟೈರಿನ ಪಕ್ಕದ ಗೋಡೆಯ ಗಟ್ಟಿತನ ಇದನ್ನು ಸ್ವಲ್ಪ ಆಚೀಚೆ ಮಾಡುತ್ತದೆ, ನಿಜ.)

255ರ ಅಸಲಿ ಲಾಭ ಸಿಕ್ಕಿದ್ದು ಗಾಳಿ ಇಳಿಸಿದಾಗ. ಅಗಲದ ಟೈರ್ ಅದೇ ಭಾರವನ್ನು ಕಡಿಮೆ ಒತ್ತಡದಲ್ಲೂ ಹೊರುತ್ತದೆ, ಹಾಗಾಗಿ 32ರಿಂದ 28ಕ್ಕೆ ಇಳಿಸಿದೆ, ಆಗ ಎಳೆತ ಎದ್ದು ಕಾಣುವಷ್ಟು ಸುಧಾರಿಸಿತು. ಡ್ರ್ಯಾಗ್ ರೇಸಿನವರು ಗಾಳಿ ತೀರಾ ಕಡಿಮೆ ಇಟ್ಟು, ಸೈಡ್‌ವಾಲ್ ಸುಕ್ಕುಗಟ್ಟುವ ಟೈರ್ ಹಾಕುವುದೂ ಇದಕ್ಕೇ.

ಆದರೆ ಇದನ್ನೆಲ್ಲ ಒಂದೇ ಏಟಿಗೆ ಹಿಂದೆ ಹಾಕಿದ್ದು ಮೆತ್ತನೆಯ 225. ರಬ್ಬರ್ ಬಿಸಿಯಾದ ಮೇಲೆ ಮೊದಲ ಗೇರಿನಲ್ಲಿ ಚಿರ್ರ್ ಅಂತ ಒಂದು ಸದ್ದು, ಆಮೇಲೆ ಕಾರು ಸುಮ್ಮನೆ ಮುಂದಕ್ಕೆ ಹೋಗುತ್ತದೆ. 30 ಮಿಲಿಮೀಟರ್ ಅಗಲ ಕೊಡದ ಹಿಡಿತವನ್ನು ಕಾಂಪೌಂಡ್, ಅಂದರೆ ರಬ್ಬರಿನ ಮಿಶ್ರಣ, ಕೊಟ್ಟಿತು. ಟೊಯೋಟಾದ ಸ್ಪೋರ್ಟ್ಸ್ ಕಾರು ಜಿಟಿ86 ಮೊದಲು ಬಂದಾಗ 215/45 ಆರ್17 ಅಳತೆಯ ಮಿಶೆಲಿನ್ ಪ್ರೈಮಸಿ ಹಾಕಿದ್ದರು, ಇಂಧನ ಉಳಿಸುವ ಹೈಬ್ರಿಡ್ ಕಾರು ಪ್ರಿಯಸ್‌ನಲ್ಲೂ ಇರುತ್ತಿದ್ದ ಟೈರ್ ಅದು. ಹಿಂಬದಿ ಸುಲಭವಾಗಿ ಜಾರಲಿ ಅಂತಲೇ ಹಾಗೆ ಮಾಡಿದ್ದು. ಅಲ್ಲಿ ಬರೀ ಅಗಲ ನೋಡಿದರೆ ಅರ್ಧ ಕಥೆಯೂ ಸಿಗುವುದಿಲ್ಲ ಅಲ್ವಾ?

ತಿರುವಿಗೆ ಬಂದರೆ ಲೆಕ್ಕವೇ ಬೇರೆ. ಎರಡನೇ ಗೇರಿನಲ್ಲಿ, ಇನ್ನೂ ಸ್ಟೀರಿಂಗ್ ತಿರುಗಿಸಿಕೊಂಡೇ ಆಕ್ಸಿಲರೇಟರ್ ಒತ್ತಿ ಹೊರಗೆ ಬರುವಾಗ 255 ನಿಜಕ್ಕೂ ಚೆನ್ನಾಗಿದೆ. ಕಾರಿನ ಭಾರದ ಹೆಚ್ಚು ಪಾಲು ತಿರುವಿನ ಹೊರಬದಿಯ ಚಕ್ರಗಳ ಮೇಲೆ ಬೀಳುತ್ತದೆ. ರಬ್ಬರಿನ ಗುಣ ಏನಂದರೆ, ಭಾರ ಎರಡು ಪಟ್ಟಾದರೆ ಹಿಡಿತ ಎರಡು ಪಟ್ಟಾಗುವುದಿಲ್ಲ, ಕಡಿಮೆ ಬೀಳುತ್ತದೆ. ಅಗಲದ ಟೈರಿನಲ್ಲಿ ಆ ನಷ್ಟ ಸ್ವಲ್ಪ ಕಮ್ಮಿ, ನೆಲಕ್ಕೆ ತಾಗುವ ಆ ಗಿಡ್ಡ ಜಾಗ ಪಕ್ಕದ ಬಲಕ್ಕೆ ಬೇಗ ಉತ್ತರ ಕೊಡುತ್ತದೆ. ಫಾರ್ಮುಲಾ ಒನ್‌ನಲ್ಲಿ 2017ಕ್ಕೆ ಹಿಂದಿನ ಟೈರನ್ನು 325ರಿಂದ 405 ಮಿಲಿಮೀಟರಿಗೆ ಏರಿಸಿದಾಗಲೂ ಗುರಿ ಇದ್ದದ್ದು ತಿರುವಿನ ವೇಗದ ಮೇಲೆ. ಬಿಸಿಯ ವಿಷಯದಲ್ಲೂ 255 ಗೆಲ್ಲುತ್ತದೆ: ಸುತ್ತಿನ ಮೇಲೆ ಸುತ್ತು ಹೊಡೆದರೆ ಮೆತ್ತನೆ 225 ಜಾರು ಜಾರಾಗಿಬಿಡುತ್ತದೆ, ಇದು ತಡೆದುಕೊಳ್ಳುತ್ತದೆ. ಅದೇ ಗುಣ ತಣ್ಣಗಿನ ಬೆಳಗ್ಗೆ ಶತ್ರು, ಬೇಗ ಬಿಸಿಯಾಗುವುದೇ ಇಲ್ಲ.

ಮಳೆಯಲ್ಲಿ ಹೆಚ್ಚು ಹೇಳುವುದಿಲ್ಲ. ನೀರು ನಿಂತ ರಸ್ತೆಯಲ್ಲಿ ಹಳೆಯ 225 ಮಾತ್ರ ನಂಬಿಕೆಗೆ ಅರ್ಹ. 255 ಬೇಗ ನೀರಿನ ಮೇಲೆ ತೇಲುತ್ತದೆ, ಮೆತ್ತನೆಯದರಲ್ಲಿ ನೀರು ಹೊರಹಾಕುವ ಗೀರುಗಳೇ ಕಡಿಮೆ. ಹದಗೆಟ್ಟ ರಸ್ತೆಯಲ್ಲಿ 255 ಗಾಲಿಯ ಜಾಡು ಹಿಡಿದು ಅತ್ತ ಇತ್ತ ಎಳೆಯುತ್ತದೆ, ಅದೊಂದು ಕಿರಿಕಿರಿ.

ಹಾಗಾದರೆ ಯಾವುದು ತಗೊಳ್ಳಬೇಕು? ನೇರ ಎಳೆತದಲ್ಲಿ ಚಕ್ರ ಸುತ್ತುವುದು ನಿಮ್ಮ ಗೋಳಾದರೆ ಅಗಲ ಮುಟ್ಟಬೇಡಿ, ಒಳ್ಳೆಯ ರಬ್ಬರ್ ತಗೊಳ್ಳಿ, ಗಾಳಿ ಸರಿಮಾಡಿ. ತಿರುವುಗಳೇ ಜಾಸ್ತಿ ಇರುವ ಟ್ರ್ಯಾಕಾದರೆ 255, ಅದೂ ಮೆತ್ತನೆ ರಬ್ಬರಿನಲ್ಲೇ ಸಿಕ್ಕರೆ ಇನ್ನೂ ಒಳ್ಳೆಯದು. ದಿನಾ ಓಡಿಸಲು, ಮಳೆಗೂ ಸೇರಿ, ಮೊದಲಿದ್ದ ಅಳತೆ. ಇನ್ನೊಂದು, ಚಕ್ರ ಸುತ್ತಿದ ಮೇಲೆ ರಸ್ತೆಯಲ್ಲಿ ಒಂದೇ ಕಪ್ಪು ಗೆರೆ ಬೀಳುತ್ತಿದ್ದರೆ ನಿಮ್ಮದು ಓಪನ್ ಡಿಫರೆನ್ಷಿಯಲ್ ಇರಬಹುದು, ಅಂದರೆ ಒಂದು ಚಕ್ರ ಜಾರಿದರೆ ಅದೊಂದೇ ಸುತ್ತುವಂಥದ್ದು. ಅಂಥ ಕಾರಿಗೆ ಟೈರಿನ ದುಡ್ಡನ್ನು ಮೊದಲು ಎರಡೂ ಚಕ್ರಕ್ಕೆ ಬಲ ತಲುಪಿಸುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್‌ಗೆ ಹಾಕಿ.