ಸೆಕೆಂಡ್‌ಹ್ಯಾಂಡ್ ಟರೆಟ್ ಮಿಲ್ಲಿಂಗ್ ಮಷೀನ್: ನಡುವೆ ಸವೆದ ಲೀಡ್ ಸ್ಕ್ರೂ ಜೊತೆಗಿನ ದೀರ್ಘ ಬಳಕೆ

ಮನೆಯ ವರ್ಕ್‌ಶಾಪಿಗೆ ನಾನು ತಂದಿಟ್ಟುಕೊಂಡಿರುವುದು ಹಲವು ಕೈ ದಾಟಿ ಬಂದ ಒಂದು ಟರೆಟ್ ಮಿಲ್, ಅಂದರೆ ಟೇಬಲ್ಲಿನ ಮೇಲಿಟ್ಟ ಲೋಹವನ್ನು ಮೇಲಿನ ಹೆಡ್ಡಿನಲ್ಲಿ ತಿರುಗುವ ಕಟರಿನಿಂದ ಕಡಿಯುವ ಮಷೀನ್. ಬ್ರಿಜ್‌ಪೋರ್ಟ್ ಕಂಪನಿಯು 1938ರಲ್ಲಿ ಹೊರತಂದ ವಿನ್ಯಾಸವನ್ನು ಅನುಸರಿಸಿ ಮುಂದೆ ಅನೇಕ ತಯಾರಕರು ಮಾಡಿದ ಮಷೀನುಗಳಲ್ಲಿ ಇದೂ ಒಂದು. ಟೇಬಲ್ಲಿನ ಅಳತೆ, ಮೋಟಾರಿನ ಶಕ್ತಿ, ವೇಗಗಳ ಪಟ್ಟಿ ಇವೆಲ್ಲ ಸುಲಭವಾಗಿ ಸಿಗುವ ಮಾಹಿತಿಯಾದ್ದರಿಂದ ಇಲ್ಲಿ ಬರೆಯುವುದಿಲ್ಲ. ಯಾವ ಪಟ್ಟಿಯಲ್ಲೂ ಇರದ, ಆದರೆ ನನ್ನ ದಿನನಿತ್ಯದ ಕೆಲಸವನ್ನೆಲ್ಲ ನಿರ್ಧರಿಸುವ ಸಂಗತಿ ಬೇರೆಯೇ ಇದೆ: ಟೇಬಲ್ಲನ್ನು ಎಡಬಲಕ್ಕೆ ಓಡಿಸುವ ಲೀಡ್ ಸ್ಕ್ರೂ ನಡುಭಾಗದಲ್ಲಿ ಚೆನ್ನಾಗಿ ಸವೆದಿದೆ, ಎರಡೂ ತುದಿಗಳಲ್ಲಿ ಬಹುತೇಕ ಹೊಸದರಂತಿದೆ.

ಹಳೆಯ ಮಷೀನಿನಲ್ಲಿ ತಿರುಗುವ ದಿಕ್ಕು ಬದಲಾದಾಗ ಸ್ಕ್ರೂವಿಗೂ ನಟ್ಟಿಗೂ ನಡುವೆ ಕಾಣುವ ಸಡಿಲ, ಅಂದರೆ ಬ್ಯಾಕ್‌ಲ್ಯಾಷ್ ಇರುವುದು ಸಹಜ. ಅದು ಎಲ್ಲ ಕಡೆ ಒಂದೇ ಸಮನಾಗಿದ್ದರೆ ನಾನು ದೂರುತ್ತಿರಲಿಲ್ಲ. ಸಣ್ಣ ಚಲನೆಯನ್ನೂ ಮುಳ್ಳಿನಿಂದ ತೋರಿಸುವ ಡಯಲ್ ಇಂಡಿಕೇಟರನ್ನು ಟೇಬಲ್ಲಿಗೆ ತಾಗಿಸಿ, ಹ್ಯಾಂಡಲ್ಲನ್ನು ಒಂದು ದಿಕ್ಕಿಗೆ ತಿರುಗಿಸಿ, ಅನಂತರ ಹಿಂದಕ್ಕೆ ತಿರುಗಿಸುತ್ತ ಮುಳ್ಳು ಮತ್ತೆ ಅಲುಗುವವರೆಗೆ ಹ್ಯಾಂಡಲ್ಲಿನ ಡಯಲ್ ಎಷ್ಟು ಸಾಗಿತು ಎಂದು ಓದಿದರೆ ಆ ಜಾಗದ ಬ್ಯಾಕ್‌ಲ್ಯಾಷ್ ಗೊತ್ತಾಗುತ್ತದೆ. ನನ್ನ ಮಷೀನಿನಲ್ಲಿ ಇದು ನಡುವೆ 0.6 ಮಿ.ಮೀ., ತುದಿಗಳ ಬಳಿ 0.15 ಮಿ.ಮೀ. ಇದೆ. ಸ್ಕ್ರೂ ಹಾದುಹೋಗುವ ಕಂಚಿನ ನಟ್ಟಿನಲ್ಲಿ ಸೀಳು ಇದ್ದು, ಅದನ್ನು ಬಿಗಿಗೊಳಿಸಿ ಈ ಸಡಿಲವನ್ನು ತಗ್ಗಿಸಬಹುದು. ಆದರೆ ನಡುಭಾಗಕ್ಕೆ ಸರಿಹೊಂದುವಂತೆ ಬಿಗಿ ಮಾಡಿದರೆ ಸವೆಯದ ತುದಿಗಳಲ್ಲಿ ಹ್ಯಾಂಡಲ್ ಕಚ್ಚಿಕೊಂಡು ನಿಲ್ಲುತ್ತದೆ. ಆದ್ದರಿಂದ ತುದಿಗಳಲ್ಲಿ ಸರಾಗವಾಗಿ ತಿರುಗುವಷ್ಟಕ್ಕೇ ಬಿಗಿ ಮಾಡಿ, ನಡುವಿನ ಸಡಿಲವನ್ನು ಹಾಗೆಯೇ ಒಪ್ಪಿಕೊಳ್ಳಬೇಕಾಗುತ್ತದೆ. ಡೋವ್‌ಟೇಲಿನ ಗಿಬ್‌ಗೂ (ಟೇಬಲ್ ಜಾರುವ ಓರೆ ಅಂಚಿನ ಹಳಿಯ ಸಡಿಲವನ್ನು ತುಂಬುವ ಪಟ್ಟಿಗೂ) ಇದೇ ಮಾತು ಅನ್ವಯಿಸುತ್ತದೆ.

ಈ ಸವೆತದ ಕಾರಣವನ್ನು ಕಂಡಾಗ ನನಗೆ ನಿಜವಾಗಿ ಬೇಸರವಾಯಿತು. ಟೇಬಲ್ಲನ್ನು ಕಳಚಿ ನೋಡಿದರೆ ಎಣ್ಣೆ ಹರಿಯಬೇಕಾದ ಕಾಲುವೆಗಳಲ್ಲಿ ಗಟ್ಟಿಯಾಗಿ ಮೇಣದಂತಾದ ಗ್ರೀಸ್ ತುಂಬಿಕೊಂಡಿತ್ತು. ಎಣ್ಣೆಗಾಗಿ ಇಟ್ಟಿದ್ದ ನಿಪ್ಪಲ್‌ಗಳಿಗೆ ಹಿಂದೆ ಯಾರೋ ಗ್ರೀಸ್ ಗನ್ ಹಿಡಿದಿದ್ದರು. ಗ್ರೀಸ್ ಆ ಸಣ್ಣ ದಾರಿಗಳಲ್ಲಿ ಹರಿಯದೆ ನಿಂತುಬಿಡುತ್ತದೆ, ಜೊತೆಗೆ ಲೋಹದ ಪುಡಿಯನ್ನೂ ಹಿಡಿದಿಟ್ಟುಕೊಂಡು ಉಜ್ಜುವ ಪುಡಿಯಾಗಿ ಕೆಲಸ ಮಾಡುತ್ತದೆ. ಸಾಮಾನ್ಯವಾಗಿ ಕಡಿಯುವ ತುಂಡನ್ನು ಹಿಡಿಯುವ ವೈಸ್ ಕೂರುವುದು ಟೇಬಲ್ಲಿನ ನಡುವೆ, ಕೆಲಸವೆಲ್ಲ ನಡೆಯುವುದೂ ಅಲ್ಲಿಯೇ. ಹೀಗಾಗಿ ಎಣ್ಣೆ ಕಾಣದ ಸ್ಕ್ರೂ ಅಲ್ಲಿಯೇ ಸವೆದಿದೆ. ಮಾರಿದವರು ಮಷೀನಿಗೆ ಹೊಸ ಬಣ್ಣ ಬಳಿದು, ಹ್ಯಾಂಡಲ್‌ಗಳನ್ನು ಪಾಲಿಷ್ ಮಾಡಿಸಿ, ಹೆಚ್ಚು ಓಡಿಲ್ಲವೆಂದು ಹೇಳಿದ್ದರು. ಆ ಶ್ರಮದಲ್ಲಿ ಒಂದು ಪಾಲನ್ನು ಎಣ್ಣೆಯ ದಾರಿಗಳ ಕಡೆಗೆ ಹರಿಸಿದ್ದರೆ ಮಷೀನಿಗೂ ಕೊಂಡವರಿಗೂ ಉಪಕಾರವಾಗುತ್ತಿತ್ತು.

ಅಳವಡಿಕೆಯ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಒಂದು ಟನ್ನಿನಷ್ಟು ತೂಗುವ ಈ ವಸ್ತುವಿನ ಭಾರವೆಲ್ಲ ಮೇಲಿರುವುದರಿಂದ, ಸಾಗಿಸುವ ಮೊದಲು ಟೇಬಲ್ಲನ್ನು ಹೊತ್ತ ‘ನೀ’ ಭಾಗವನ್ನು ಪೂರ್ತಿ ಇಳಿಸಿ, ಹೆಡ್ಡನ್ನು ಹೊತ್ತ ತೋಳಾದ ರ‍್ಯಾಮನ್ನು ಹಿಂದಕ್ಕೆ ತಳ್ಳಿ, ಹೆಡ್ಡನ್ನು ತಲೆಕೆಳಗಾಗಿ ತಿರುಗಿಸಬೇಕು. ಮನೆಯಲ್ಲಿರುವುದು ಸಿಂಗಲ್ ಫೇಸ್, ಮೋಟಾರು ತ್ರೀ ಫೇಸ್ ಆದ್ದರಿಂದ, ಸಿಂಗಲ್ ಫೇಸನ್ನು ತ್ರೀ ಫೇಸ್ ಆಗಿಸಿ ಫ್ರೀಕ್ವೆನ್ಸಿಯ ಮೂಲಕ ವೇಗವನ್ನೂ ಬದಲಿಸುವ ವಿಎಫ್‌ಡಿ ಹಾಕಿಕೊಂಡೆ. ಮೋಟಾರಿನ ಫಲಕದಲ್ಲಿ 230/400 ವೋಲ್ಟ್ ಎಂದು ಇದ್ದರೆ ಅದರ ಸುರುಳಿಗಳನ್ನು 230 ವೋಲ್ಟಿನ ಡೆಲ್ಟಾ ಜೋಡಣೆಗೆ ಬದಲಿಸಬೇಕು. ವಿಎಫ್‌ಡಿಗೂ ಮೋಟಾರಿಗೂ ನಡುವೆ ಯಾವ ಸ್ವಿಚ್ಚೂ ಇರಬಾರದು; ಹಳೆಯ ಫಾರ್ವರ್ಡ್-ರಿವರ್ಸ್ ಸ್ವಿಚ್ಚನ್ನು ವಿಎಫ್‌ಡಿಯ ಸಂಕೇತದ ತಂತಿಗಳಿಗಷ್ಟೇ ಬಳಸಿಕೊಳ್ಳಬಹುದು. ವೇಗವನ್ನು ಗುಂಡಿಯಿಂದ ತಗ್ಗಿಸಬಹುದೆಂದು ಬೆಲ್ಟನ್ನು ಮರೆಯುವುದು ಸರಿಯಲ್ಲ, ಏಕೆಂದರೆ ತೀರಾ ಕಡಿಮೆ ಫ್ರೀಕ್ವೆನ್ಸಿಯಲ್ಲಿ ಮೋಟಾರಿನ ಶಕ್ತಿಯೂ ಅದರ ಫ್ಯಾನಿನ ಗಾಳಿಯೂ ಒಟ್ಟಿಗೇ ಕುಗ್ಗುತ್ತವೆ.

ಸವೆದ ಸ್ಕ್ರೂ ನಿಜವಾಗಿ ಕಾಟ ಕೊಡುವುದು ಕಟರ್ ಲೋಹವನ್ನು ಮುಟ್ಟಿದಾಗ. ಕಟರಿನ ಹಲ್ಲು ಲೋಹವನ್ನು ಟೇಬಲ್ಲಿನ ಚಲನೆಗೆ ಎದುರಾಗಿ ಕಡಿದರೆ ಟೇಬಲ್ ಸದಾ ಸ್ಕ್ರೂವಿನ ಒಂದೇ ಬದಿಗೆ ಒತ್ತಿಕೊಂಡಿರುತ್ತದೆ, ತೊಂದರೆಯಿಲ್ಲ. ಕ್ಲೈಂಬ್ ಮಿಲ್ಲಿಂಗ್‌ನಲ್ಲಿ ಹಲ್ಲು ಟೇಬಲ್ಲನ್ನು ಅದು ಸಾಗುತ್ತಿರುವ ದಿಕ್ಕಿಗೇ ಎಳೆಯುತ್ತದೆ, ಆಗ 0.6 ಮಿ.ಮೀ. ಸಡಿಲವನ್ನು ಟೇಬಲ್ ಒಮ್ಮೆಲೇ ಜಿಗಿದು ದಾಟಬಹುದು, ತೆಳುವಾದ ಎಂಡ್ ಮಿಲ್ ಕಟರ್ ಮುರಿಯಲು ಅಷ್ಟು ಸಾಕು. ಹಾಗಾಗಿ ನಾನು ಲೋಹ ತೆಗೆಯುವ ಕೆಲಸವನ್ನೆಲ್ಲ ಎದುರು ದಿಕ್ಕಿನಲ್ಲೇ ಮಾಡುತ್ತೇನೆ. ಕೊನೆಯ ಹಗುರ ಕಟ್ಟನ್ನು ಮಾತ್ರ, ಮೇಲ್ಮೈ ನುಣುಪಾಗಿ ಬರಲೆಂದು, ಟೇಬಲ್ಲಿನ ಲಾಕನ್ನು ಅರ್ಧ ಬಿಗಿದು ಅದಕ್ಕೆ ತಡೆಯೊಡ್ಡಿ ಕ್ಲೈಂಬ್ ದಿಕ್ಕಿನಲ್ಲಿ ತೆಗೆಯುತ್ತೇನೆ.

ಇನ್ನೊಂದು ಉಪಾಯದಿಂದ ನನ್ನ ಅಸಮಾಧಾನ ಬಹಳ ಮಟ್ಟಿಗೆ ಕರಗಿದೆ. ನಟ್ ಟೇಬಲ್ಲಿನ ಕೆಳಗಿರುವ ಸ್ಯಾಡಲ್ಲಿನಲ್ಲಿ ಸ್ಥಿರವಾಗಿರುತ್ತದೆ, ಸ್ಕ್ರೂ ಟೇಬಲ್ಲಿನೊಂದಿಗೆ ಸಾಗುತ್ತದೆ. ವೈಸನ್ನು ಟೇಬಲ್ಲಿನ ನಡುವೆ ಕೂರಿಸುವ ಬದಲು ಎಡಕ್ಕೆ ಸರಿಸಿ ಕೂರಿಸಿದರೆ, ವೈಸ್ ಕಟರನ್ನು ಹಿಡಿದು ತಿರುಗುವ ಸ್ಪಿಂಡಲ್ಲಿನ ಕೆಳಗೆ ಬಂದಾಗ ಟೇಬಲ್ ಬಲಕ್ಕೆ ಸರಿದಿರುತ್ತದೆ ಮತ್ತು ನಟ್ ಸ್ಕ್ರೂವಿನ ಸವೆಯದ ಎಡಭಾಗವನ್ನು ಹಿಡಿದಿರುತ್ತದೆ. ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕ ಭಾಗಗಳನ್ನೇ ಮಾಡುವ ನನಗೆ ಆ ಸ್ವಲ್ಪ ಜಾಗ ಧಾರಾಳವಾಗಿ ಸಾಕು. ಇದಕ್ಕೆ ಬೆಲೆಯೂ ಇದೆ: ಟೇಬಲ್ಲಿನ ಹೊರಚಾಚಿದ ತುದಿಯ ಭಾರಕ್ಕೆ ಗಿಬ್ ಸಡಿಲವಾಗಿದ್ದರೆ ಟೇಬಲ್ ಕೊಂಚ ವಾಲುತ್ತದೆ. ಆದ್ದರಿಂದ ಗಿಬ್ಬನ್ನು ಈ ಸ್ಥಾನಕ್ಕೆ ಹೊಂದಿಸಿಟ್ಟುಕೊಂಡು, ಟೇಬಲ್ಲಿನ ತುದಿಯನ್ನು ಕೈಯಿಂದ ಎತ್ತಿ ಒತ್ತಿ ಇಂಡಿಕೇಟರಿನ ಮುಳ್ಳು ಎಷ್ಟು ಅಲುಗುತ್ತದೆಂದು ಆಗಾಗ ನೋಡುತ್ತಿರುತ್ತೇನೆ.

ಡಿಆರ್‌ಒ (ಟೇಬಲ್ಲಿನ ಸ್ಥಾನವನ್ನು ಪರದೆಯ ಮೇಲೆ ಅಂಕಿಗಳಲ್ಲಿ ತೋರಿಸುವ ಸಾಧನ) ಹಾಕಿದ ಮೇಲೆ ಅಳತೆಯ ಚಿಂತೆಯೂ ದೂರವಾಯಿತು. ಅದರ ಗಾಜಿನ ಸ್ಕೇಲ್ ಟೇಬಲ್ಲಿಗೇ ನೇರವಾಗಿ ಜೋಡಿಸಿರುವುದರಿಂದ ಸ್ಕ್ರೂ ಎಷ್ಟು ಸವೆದಿದ್ದರೂ ಪರದೆಯ ಮೇಲೆ ಕಾಣುವುದು ಟೇಬಲ್ ನಿಜವಾಗಿ ನಿಂತಿರುವ ಸ್ಥಾನ, ಅದೂ 5 ಮೈಕ್ರಾನ್ ಹೆಜ್ಜೆಗಳಲ್ಲಿ. ಜೋಡಿಸುವಾಗ ಸ್ಕೇಲ್ ಚಲನೆಗೆ ಸಮಾನಾಂತರವಾಗಿದೆಯೇ ಎಂದು ಇಂಡಿಕೇಟರ್ ಓಡಿಸಿ ನೋಡಬೇಕು, ಸ್ಕೇಲಿನ ರಬ್ಬರ್ ತುಟಿಗಳು ಚೂರುಗಳಿಗೆ ಮುಖಮಾಡಿರಬಾರದು. ಹಣ ಸೀಮಿತವಾಗಿದ್ದವರು ಹೊಸ ಸ್ಕ್ರೂವಿಗಿಂತ ಮೊದಲು ಇದಕ್ಕೆ ಖರ್ಚು ಮಾಡುವುದು ಮೇಲು ಎಂಬುದು ನನ್ನ ದೃಢ ಅಭಿಪ್ರಾಯ. ಆದರೂ ಕ್ಲೈಂಬ್ ಕಟ್ಟಿನ ಎಳೆತವನ್ನು ಡಿಆರ್‌ಒ ತಡೆಯಲಾರದು; ಅದು ಸ್ಥಾನವನ್ನು ತೋರಿಸುತ್ತದೆ, ಹಿಡಿದಿಡುವುದಿಲ್ಲ.

ನಾನು ನಿರೀಕ್ಷಿಸದೇ ಇದ್ದ ಸಂತೋಷವೆಂದರೆ ಹೆಡ್ಡನ್ನು ಟ್ರ್ಯಾಮ್ ಮಾಡುವ, ಅಂದರೆ ಟೇಬಲ್ಲಿಗೆ ನೇರವಾಗಿ ನಿಲ್ಲಿಸುವ ಕೆಲಸ. ಈ ಮಾದರಿಯಲ್ಲಿ ಹೆಡ್ ಎಡಬಲಕ್ಕೂ ಹಿಂದುಮುಂದಕ್ಕೂ ಓರೆಯಾಗುವುದರಿಂದ, ಭಾರಿ ಕಟ್ಟಿನ ನಂತರ ಅದು ಟೇಬಲ್ಲಿಗೆ ನೇರವಾಗಿದೆಯೇ ಎಂದು ಪರೀಕ್ಷಿಸಬೇಕಾಗುತ್ತದೆ. ಸ್ಪಿಂಡಲ್ಲಿಗೆ ಇಂಡಿಕೇಟರ್ ಕಟ್ಟಿ, ‘ನೀ’ ಭಾಗವನ್ನು ಲಾಕ್ ಮಾಡಿ (ಲಾಕ್ ಬಿಗಿದಾಗ ಅಳತೆ ಬದಲಾಗುವುದರಿಂದ ಇದು ಮೊದಲೇ ಆಗಬೇಕು), ಬೆಲ್ಟನ್ನು ಸಡಿಲಿಸಿ ಸ್ಪಿಂಡಲ್ಲನ್ನು ಕೈಯಿಂದ ನಿಧಾನವಾಗಿ ಸುತ್ತಿಸುತ್ತ ಎಡದ ಅಂಕಿಯನ್ನೂ ಬಲದ ಅಂಕಿಯನ್ನೂ ಹೋಲಿಸುತ್ತೇನೆ. ವ್ಯತ್ಯಾಸದ ಅರ್ಧದಷ್ಟು ಸರಿಪಡಿಸಿ, ನಾಲ್ಕು ಬೋಲ್ಟುಗಳನ್ನು ಸ್ವಲ್ಪ ಸ್ವಲ್ಪವೇ ಸರದಿಯಲ್ಲಿ ಬಿಗಿದು, ಬಿಗಿಯುವಾಗ ಸರಿದ ಮುಳ್ಳನ್ನು ಮತ್ತೆ ನೋಡಿ, ಹಾಗೆಯೇ ಮುಂದುವರಿದು 200 ಮಿ.ಮೀ. ಸುತ್ತಿನಲ್ಲಿ 0.02 ಮಿ.ಮೀ. ಒಳಗೆ ಬಂದಾಗ ನಿಲ್ಲಿಸುತ್ತೇನೆ. ಆಮೇಲೆ ದೊಡ್ಡ ಕಟರಿನಿಂದ ಮೇಲ್ಮೈ ತೆಗೆದರೆ ಹಲ್ಲಿನ ಗೆರೆಗಳು ಎರಡೂ ದಿಕ್ಕಿನಲ್ಲಿ ಒಂದನ್ನೊಂದು ದಾಟಿ ಹೆಣೆದುಕೊಂಡಿರುತ್ತವೆ. ಹೆಡ್ ನೇರವಾಗಿದೆ ಎಂಬುದಕ್ಕೆ ಅದೇ ಸಾಕ್ಷಿ.

ಕೆಲಸ ಶುರು ಮಾಡುವ ಮೊದಲು ಎಣ್ಣೆಯ ಪಂಪಿನ ಹಿಡಿಯನ್ನು ಎಳೆದುಬಿಟ್ಟು, ಟೇಬಲ್ಲನ್ನು ಈ ತುದಿಯಿಂದ ಆ ತುದಿಗೆ ಓಡಿಸಿ, ಡೋವ್‌ಟೇಲಿನ ಅಂಚಿನಲ್ಲಿ ಎಣ್ಣೆಯ ತೆಳು ಗೆರೆ ಮೂಡಿದ್ದನ್ನು ಬೆರಳಿನಿಂದ ಮುಟ್ಟಿ ನೋಡುತ್ತೇನೆ. ವಿಜಿ 68 ದರ್ಜೆಯ ಸ್ಲೈಡ್‌ವೇ ಎಣ್ಣೆಯನ್ನೇ ಬಳಸುತ್ತೇನೆ. ಅದಕ್ಕೆ ಅಂಟಿಕೊಳ್ಳುವ ಗುಣವಿರುವುದರಿಂದ ಜಾರುವ ಮೈಗಳ ಮೇಲೆ ನಿಲ್ಲುತ್ತದೆ, ನಿಧಾನ ಚಲನೆಯಲ್ಲಿ ಟೇಬಲ್ ತಡೆದು ತಡೆದು ಸಾಗದಂತೆ ನೋಡಿಕೊಳ್ಳುತ್ತದೆ. ಗ್ರೀಸ್ ತೆಗೆದು ದಾರಿಗಳನ್ನು ತೊಳೆದ ಮೇಲೆ ನಡುಭಾಗದ ಸಡಿಲ ಗಮನಿಸುವಷ್ಟು ಹೆಚ್ಚಾಗಿಲ್ಲ.

ಇದೇ ಹಣಕ್ಕೆ ಹೊಸ ಮಷೀನ್ ಕೊಂಡಿದ್ದರೆ ನನಗೆ ಸಿಗುತ್ತಿದ್ದುದು ಬೆಂಚಿನ ಮೇಲೆ ಕೂರುವ ಹಗುರ ಮಷೀನ್. ಅದರಲ್ಲಿ ಸವೆತವಿರುತ್ತಿರಲಿಲ್ಲ, ಉಕ್ಕನ್ನು ಕಂಪನವಿಲ್ಲದೆ ಕಡಿಯುವ ಈ ಎರಕದ ಕಬ್ಬಿಣದ ತೂಕವೂ ಇರುತ್ತಿರಲಿಲ್ಲ. ಆದ್ದರಿಂದ ಸಣ್ಣ ಭಾಗಗಳನ್ನು ಮಾಡುವವರಿಗೆ ಇಂಥ ಮಷೀನನ್ನು ನಾನು ಸಂಕೋಚವಿಲ್ಲದೆ ಶಿಫಾರಸು ಮಾಡುತ್ತೇನೆ. ಟೇಬಲ್ಲಿನ ಪೂರ್ತಿ ಉದ್ದವನ್ನು ಬಳಸುವ ಕೆಲಸವಿದ್ದವರು ಕೊಳ್ಳುವ ಮೊದಲೇ ಸ್ಕ್ರೂ ಮತ್ತು ನಟ್ ಎರಡರ ಬೆಲೆಯನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಲಿ, ಏಕೆಂದರೆ ಸವೆದ ಸ್ಕ್ರೂವಿಗೆ ಹೊಸ ನಟ್ಟನ್ನಷ್ಟೇ ಹಾಕಿದರೆ ನಡುವಿನ ಮತ್ತು ತುದಿಯ ವ್ಯತ್ಯಾಸ ಹಾಗೆಯೇ ಉಳಿಯುತ್ತದೆ. ನೋಡಲು ಹೋಗುವಾಗ ಒಂದು ಡಯಲ್ ಇಂಡಿಕೇಟರ್ ಕೊಂಡೊಯ್ದು ನಡುವೆ ಮತ್ತು ಎರಡೂ ತುದಿಗಳಲ್ಲಿ ಅಳೆಯಿರಿ, ಎಣ್ಣೆಯ ನಿಪ್ಪಲ್ ಒಂದನ್ನು ಬಿಚ್ಚಿ ಒಳಗೆ ಎಣ್ಣೆಯಿದೆಯೋ ಗ್ರೀಸಿದೆಯೋ ನೋಡಿ, ಬೆಲೆಯ ಮಾತನ್ನು ಅದಾದ ಮೇಲೆ ಆರಂಭಿಸಿ.